ಒಳಗಿನವರು

ಮೂರನೆಯ ಸಲ ಬೀಗ ಜಗ್ಗಿ ನೋಡಿದ. ಬೀಗ ಗಟ್ಟಿಯಾಗಿಯೇ ಇತ್ತು. ಅವನ ಧೈರ್ಯ ಮಾತ್ರ ಇರಲಿಲ್ಲ.

ಹೆಂಡತಿ, ಮಗಳು ಮೂರು ದಿನದ ಹಿಂದೆಯೇ ರಜೆಗೆಂದು ಹೆಂಡತಿಯ ಅಕ್ಕನ ಊರಿಗೆ ಹೋಗಿದ್ದರು. ಆರೂವರೆಯ ಬಸ್ಸಿಗೆ ಅವನೂ ಹೊರಡಬೇಕು. ಹೋದ ವರ್ಷ, ಅದರ ಹಿಂದಿನ ವರ್ಷ, ಇದೇ ಬಸ್ಸನ್ನು ಬಿಟ್ಟು ಮನೆ ಕಾಯುತ್ತ ಕೂತಿದ್ದ. ಈ ಸಲವೂ ಬರದಿದ್ದರೆ ಇನ್ನು ಮುಂದೆ ಕರೆಯುವುದೇ ಇಲ್ಲ ಎಂದಿದ್ದಳು ಮಗಳು. ಸಿಟ್ಟಿನಿಂದ ಹೇಳಿದ್ದರೆ ಎಷ್ಟೋ ವಾಸಿಯಿತ್ತು. ಹಲ್ಲುಜ್ಜುತ್ತ ಹೇಳಿದ್ದಳು.

ಅವನಿಗೆ ಭಯ. ವಿಮಾ ಕಚೇರಿಯಲ್ಲಿ ಕಳವಿನ ಕಡತಗಳೆಲ್ಲ ಅವನ ಮೇಜಿಗೇ ಬರುತ್ತಿದ್ದವು. ಇವತ್ತು ಬೆಳಿಗ್ಗೆಯೂ ಒಂದು ಬಂದಿತ್ತು. ಫೋಟೋದಲ್ಲಿ ಕಪಾಟಿನ ಬಟ್ಟೆಯೆಲ್ಲ ನೆಲದ ಮೇಲೆ. ಒಂದು ದಿಂಬಿನ ಮೇಲೆ ಬೂಟಿನ ಗುರುತು. ಅದನ್ನು ತುಂಬುವುದಕ್ಕೆ ಕಂಪನಿಯ ಫಾರಮ್ಮಿನಲ್ಲಿ ಜಾಗವೇ ಇರಲಿಲ್ಲ.

"ಯಾಕೋ ಹೀಗೆ ಹೆದರಿ ಸಾಯ್ತೀಯ?" ಪಕ್ಕದ ಮೇಜಿನ ಹೆಡ್‌ಕ್ಲರ್ಕ್ ನಕ್ಕಿದ್ದ. "ನಿಮ್ಮನೇಲಿ ಕದಿಯೋಕೆ ಅಂಥದ್ದೇನಿದೆ?"

ಆ ಪ್ರಶ್ನೆ ಮಧ್ಯಾಹ್ನವಿಡೀ ಹಲ್ಲಿನ ಸಂದಿಯ ನಾರಿನಂತೆ ಸಿಕ್ಕಿಕೊಂಡಿತ್ತು.

ದೀಪ ಉರಿಯುತ್ತಿದ್ದರೂ ಕಳ್ಳ ನುಗ್ಗಬಹುದು, ಮಾತು ಕೇಳಿಸಿದರೆ ಹಿಂಜರಿಯುತ್ತಾನೆ. ಕಡತಗಳನ್ನು ಓದಿ ಓದಿ ಅವನು ಕಂಡುಕೊಂಡದ್ದು ಇಷ್ಟು. ಅದಕ್ಕೇ ಹೋದ ವಾರ ಊಟದ ಹೊತ್ತಿಗೆ ಹಳೆಯ ಫೋನೊಂದನ್ನು ಮೇಜಿನಡಿ ಇಟ್ಟು, ಯಾರಿಗೂ ಹೇಳದೆ ಮನೆಯ ಮಾತನ್ನು ರೆಕಾರ್ಡ್ ಮಾಡಿದ. ಆಮೇಲೆ ಒಬ್ಬನೇ ಕೂತು ಕೇಳಿದ. ಇಪ್ಪತ್ತೆಂಟು ನಿಮಿಷ. ತಟ್ಟೆಯ ಸದ್ದು. ಕುರ್ಚಿ ಎಳೆದ ಸದ್ದು. "ಇನ್ನೊಂಚೂರು ಹಾಕ್ಲಾ?" "ಬೇಡ." ನಲ್ಲಿಯ ನೀರು. ಮಗಳ "ಆಯ್ತು."

ಕಳ್ಳನಿರಲಿ, ಬೆಕ್ಕು ಕೂಡ ಹೆದರುವಂತಿರಲಿಲ್ಲ.

ಮಾರನೆಯ ದಿನ ಕಚೇರಿಯ ಹಾಳೆಯ ಮೇಲೆ ಒಂದು ಮಾತುಕತೆ ಬರೆದು ತಂದ. ಮೂವರೂ ಕೂತು ಓದಬೇಕು, ಫೋನು ಅದನ್ನು ರೆಕಾರ್ಡ್ ಮಾಡಿಕೊಳ್ಳಬೇಕು.

"ಇದೇನ್ರೀ ಹುಚ್ಚಾಟ?" ಎಂದಳು ಹೆಂಡತಿ.

"ಸುಮ್ನೆ ಓದು."

ಓದಿದರು. ನಡುವೆ ಅವನು ಕಂಸದೊಳಗೆ ಬರೆದುಕೊಂಡಿದ್ದ ಸೂಚನೆಯನ್ನೂ ಗಟ್ಟಿಯಾಗಿ ಓದಿಬಿಟ್ಟ: "ಇಲ್ಲಿ ಎಲ್ಲರೂ ನಗಬೇಕು." ಮಗಳು ಅವನ ಮುಖ ನೋಡಿದಳು. ನಗು ತಡೆಯಲಾಗಲಿಲ್ಲ ಅವಳಿಗೆ. ಹೆಂಡತಿ ಮೇಜಿಗೆ ಹಣೆ ಹಚ್ಚಿ ನಕ್ಕಳು. ಅವನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗು ನಿಂತ ಮೇಲೆ ಮುಂದೇನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಮಗಳು ಎದ್ದು ತಟ್ಟೆ ತೊಳೆಯಲು ಹೋದಳು.

ಆ ಭಾಗವನ್ನು ಅವನು ಅಳಿಸಲಿಲ್ಲ. ಇವತ್ತು ಆ ಹಳೆಯ ಫೋನನ್ನು ಸ್ಪೀಕರಿಗೆ ಜೋಡಿಸಿ, ಆರು ಗಂಟೆಗೆ ತಾನಾಗಿ ಶುರುವಾಗಿ ಮತ್ತೆ ಮತ್ತೆ ಓಡುವಂತೆ ಇಟ್ಟು ಬೀಗ ಹಾಕಿದ್ದ.

ಬಸ್‌ಸ್ಟಾಪಿನಲ್ಲಿ ಐದು ನಿಮಿಷ ನಿಂತಿರಬಹುದು. ಹಿಂಬಾಗಿಲ ಚಿಲಕ ಹಾಕಿದ್ದು ಇವತ್ತೋ, ನಿನ್ನೆಯೋ? ಇನ್ನೂ ಹೊತ್ತಿದೆ ಎಂದುಕೊಂಡು ಸೂಟ್‌ಕೇಸ್ ಸಮೇತ ಹೆಚ್ಚುಕಡಿಮೆ ಓಡುತ್ತಲೇ ವಾಪಸು ಬಂದ.

ಗೇಟಿನೆದುರು ಜನ ಸೇರಿದ್ದರು.

"ಸದ್ಯ, ಬಂದ್ರಲ್ಲ!" ಎದುರುಮನೆಯ ನಿವೃತ್ತ ನರ್ಸ್ ಅವನ ತೋಳು ಹಿಡಿದುಕೊಂಡರು. "ನೀವು ಬೀಗ ಹಾಕ್ಕೊಂಡು ಹೋಗಿದ್ದು ಈ ಕಣ್ಣಲ್ಲೇ ನೋಡಿದೀನಿ. ಅರ್ಧ ಗಂಟೆ ಆಗಿಲ್ಲ, ಯಾರೋ ಒಳಗೆ ನುಗ್ಗಿದಾರೆ."

ಕಳ್ಳರ ಬಗ್ಗೆ ಅಷ್ಟೆಲ್ಲ ಯೋಚಿಸಿದವನು ನೆರೆಯವರ ಬಗ್ಗೆ ಯೋಚಿಸಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಅದು... ನಮ್ಮನೆಯವರೇ..."

"ನಿಮ್ಮನೆಯವರಾ? ಆರು ವರ್ಷದಿಂದ ಎದುರಿಗಿದೀನ್ರೀ. ನಿಮ್ಮನೇಲಿ ಒಂದು ದಿನ ನಗು ಕೇಳಿಲ್ಲ. ಯಾವನೋ ಒಬ್ಬ, ಎಲ್ಲರೂ ನಗಬೇಕು ಅಂತ ಅಪ್ಪಣೆ ಮಾಡ್ತಾನೆ. ಉಳಿದೋರು ನಗ್ತಾರೆ. ನನ್ನ ಕೈಕಾಲೇ ತಣ್ಣಗಾಗೋಯ್ತು."

"ಕೀ ಕೊಡಿ ಸಾರ್," ಎಂದ ಬೀದಿಯ ಕಾವಲುಗಾರ, ದೊಣ್ಣೆ ಬಿಗಿಹಿಡಿದು.

ಅವನು ಕಿವಿಗೊಟ್ಟ. ಕಿಟಕಿಯ ಪರದೆಯಾಚೆ ಒಬ್ಬ ಗಂಡಸು ನಗುತ್ತಿದ್ದ, ನಿರಾಳವಾಗಿ, ಮನೆ ತನ್ನದೇ ಎಂಬಂತೆ. ಅದು ತನ್ನದೇ ದನಿಯೆಂದು ಗೊತ್ತಿದ್ದೂ ಬೆನ್ನು ಜುಮ್ಮೆಂದಿತು. ಹೇಳಬೇಕಾದದ್ದು ಒಂದೇ ಮಾತು. ಹೇಳಿದ್ದರೆ ಬಸ್ಸೂ ಸಿಗುತ್ತಿತ್ತು.

"ಹೌದು," ಎಂದ. "ಒಳಗೆ ಯಾರೋ ಇದಾರೆ."

ಕೀ ಕೊಟ್ಟ. ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಹೆಂಡತಿ.

"ಬಸ್ ಹತ್ತಿದ್ರಾ? ಇವಳು ಆಗ್ಲಿಂದ ಕೇಳ್ತಿದಾಳೆ."

"ಇನ್ನೂ ಇಲ್ಲ."

"ಎಲ್ಲಿದೀರಿ? ಯಾರದು ಹಾಗೆ ನಗ್ತಿರೋದು?"

ಅವನು ಫೋನನ್ನು ಮನೆಯತ್ತ ಚಾಚಿ ಹಿಡಿದ. ಮತ್ತೆ ಕಿವಿಗಿಟ್ಟುಕೊಂಡ.

"ಗೊತ್ತಾಗ್ಲಿಲ್ವಾ?"

"ಇಲ್ಲಪ್ಪ. ಯಾರ ಮನೆ ಅದು?"

ಬಾಗಿಲು ಹಾರುಹೊಡೆದಿತ್ತು. ಕಾವಲುಗಾರ ಮುಂದೆ, ನರ್ಸ್ ಹಿಂದೆ, ಅವರ ಹಿಂದೆ ಹೆಸರೂ ಗೊತ್ತಿರದ ಬೀದಿಯ ಜನ. ಕೋಣೆಗಳ ದೀಪ ಒಂದೊಂದಾಗಿ ಹತ್ತಿತು. ಮಂಚದಡಿ, ಬಾಗಿಲ ಹಿಂದೆ, ಬಚ್ಚಲಲ್ಲಿ, ದೊಣ್ಣೆ ಎತ್ತಿಕೊಂಡು ಅವರು ನಗುತ್ತಿದ್ದವರನ್ನು ಹುಡುಕುತ್ತಿದ್ದರು.