ಬುಟ್ಟಿಯಲ್ಲಿದ್ದ ಚಪ್ಪಲಿ

ಒಂದಾನೊಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಅವಳಿಗೆ ಏಳು ಮಂದಿ ಗಂಡಂದಿರು, ಹದಿನಾಲ್ಕು ಮಂದಿ ಅಣ್ಣತಮ್ಮಂದಿರು, ಒಂಬತ್ತು ಮಂದಿ ಅತ್ತೆಯರು, ಮತ್ತು ತನಗಿಂತ ಹನ್ನೆರಡು ವರ್ಷ ದೊಡ್ಡವನಾದ ಒಬ್ಬ ಮಗ.

ಇದು ಅಜ್ಜಿ ಹೇಳಿದ ಕಥೆಯಲ್ಲ, ಟೌನಿನ ಸರ್ಕಾರಿ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇರುವುದು. ಊರು ರಾಜಘಟ್ಟದಿಂದ ಆಚೆಗೆ ಎರಡು ಮೈಲಿ. ಹೆಂಗಸಿನ ಹೆಸರು ಮುನಿವೆಂಕಟಮ್ಮ. ಊರಿನಲ್ಲಿ ಯಾರು ಆಸ್ಪತ್ರೆ ಸೇರಿದರೂ ಜೊತೆಗಿರಲು ಹೋಗುತ್ತಿದ್ದವಳು ಅವಳು. ಜೊತೆಗಿರುವವರ ಹೆಸರಿನ ಪಕ್ಕ ‘ಸಂಬಂಧ’ ಎಂದೊಂದು ಕಾಲಂ ಇರುತ್ತದೆ. ಬರೆದುಕೊಳ್ಳುವವರು ತಲೆಯೆತ್ತದೆ ಕೇಳುತ್ತಿದ್ದರು. ಆ ಹೊತ್ತಿಗೆ ಏನು ಹೇಳಿದರೆ ಒಳಗೆ ಬಿಡುತ್ತಾರೋ ಅದನ್ನು ಅವಳು ಹೇಳುತ್ತಿದ್ದಳು. ಏಳು ಗಂಡಂದಿರಲ್ಲಿ ನಿಜವಾದವನು ಒಬ್ಬನೇ. ಅವನ ವಿಷಯದಲ್ಲಿ ಮಾತ್ರ ರೇಷನ್ ಕಾರ್ಡ್ ತೋರಿಸು ಎಂದಿದ್ದರು.

ಆ ನಿಜವಾದ ಗಂಡ ಲಾರಿ ಮೇಲಿಂದ ಬಿದ್ದು, ನಲವತ್ತೊಂದು ದಿನ ವಾರ್ಡಿನಲ್ಲಿ ಮಲಗಿದ್ದು, ತೀರಿಕೊಂಡ. ಅಷ್ಟು ದಿನದಲ್ಲಿ ಮುನಿವೆಂಕಟಮ್ಮ ಬಹಳ ಕಲಿತಿದ್ದಳು. ಚೀಟಿ ಯಾವ ಕಿಟಕಿಯಲ್ಲಿ, ಬಿಸಿನೀರು ಎಷ್ಟು ಹೊತ್ತಿಗೆ, ಡ್ರಿಪ್ ಮುಗಿಯುವ ಮೊದಲು ಯಾರನ್ನು ಕರೆಯಬೇಕು. ಕಲಿತದ್ದು ದಂಡವಾಗಬಾರದೆಂದೋ ಏನೋ, ತಿಂಗಳ ಮೇಲೆ ಪಕ್ಕದ ಮನೆಯ ಬಸುರಿಯ ಹೆರಿಗೆಗೆ ಜೊತೆಯಾಗಿ ಹೋದಳು. ಆಮೇಲೆ ಹದಿನೈದು ವರ್ಷ ಹೋಗುತ್ತಲೇ ಇದ್ದಳು.

ಹೋಗುವಾಗ ಕೈಯಲ್ಲಿ ಹಸಿರು ವೈರಿನ ಬುಟ್ಟಿ. ಅದರಲ್ಲಿ ಫ್ಲಾಸ್ಕು, ಸ್ಟೀಲ್ ತಟ್ಟೆ, ಲೋಟ, ಹಳೇ ಸೀರೆಯ ತುಂಡುಗಳು, ವಾಕರಿಕೆ ಬಂದರೆ ಮೂಸಲು ಒಂದು ನಿಂಬೆಹಣ್ಣು. ಇಷ್ಟರ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ ರೋಗಿಯ ಚಪ್ಪಲಿ. ವಾರ್ಡಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಉಳಿಯುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದನ್ನು ಅವಳು ರೋಗಿಗೆ ಮಾತ್ರ ಹೇಳುತ್ತಿದ್ದಳು: “ನಿನ್ ಚಪ್ಪಲಿ ನನ್ ತಾವ ಐತೆ. ಎದ್ದು ಬಂದು ಈಸ್ಕೊ.”

ಹದಿನೈದು ವರ್ಷದಲ್ಲಿ ಈಸಿಕೊಳ್ಳಲು ಬಾರದವರು ನಾಲ್ಕೇ ಮಂದಿ. ಆ ನಾಲ್ಕು ಜೊತೆಯನ್ನು ಅವಳೇ ಅವರವರ ಮನೆ ಬಾಗಿಲಿಗೆ ಒಯ್ದು, ತುದಿ ಒಳಮುಖವಾಗಿ ಇಟ್ಟು ವಾಪಸು ಬಂದಿದ್ದಳು.

ಇವಳಿಗೆ ರಿಜಿಸ್ಟರಿನಲ್ಲಿ ಇಲ್ಲದ ಮಗಳೊಬ್ಬಳಿದ್ದಳು, ಸಿಂಚನ. ಆಸ್ಪತ್ರೆ ಸೇರುವಂಥ ಕಾಯಿಲೆ ಅವಳಿಗೆ ಒಮ್ಮೆಯೂ ಬರಲಿಲ್ಲವಾದ್ದರಿಂದ ಹೆಸರು ಬರೆಸುವ ಪ್ರಮೇಯ ಬರಲಿಲ್ಲ. ಅವಳನ್ನು ಬೆಳೆಸಿದ್ದು ಅಜ್ಜಿ ಲಕ್ಷ್ಮೀದೇವಮ್ಮ ಮತ್ತು ಅಜ್ಜಿಯ ಕಥೆಗಳು. ಅಮ್ಮ ಏಳು ಸಮುದ್ರ ದಾಟಿ ಹೋಗಿದ್ದಾಳೆಂದು ಬಹಳ ದಿನ ನಂಬಿದ್ದಳು. ದೊಡ್ಡವಳಾದ ಮೇಲೆ, ಬಸ್ಸಿನಲ್ಲಿ ನಲವತ್ತು ನಿಮಿಷ ಎಂದು ತಿಳಿಯಿತು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಜ್ವರ ಬಂದರೆ ಅಮ್ಮ ತನ್ನ ಜೊತೆಗೂ ಬರುತ್ತಾಳೆಂದು ಲೆಕ್ಕ ಹಾಕಿ, ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡು ಮಲಗಿದಳು. ಅಮ್ಮ ಹಣೆ ಮುಟ್ಟಿದಳು, ಕಂಕುಳಿಗೆ ಕೈ ಹಾಕಿದಳು, ಈರುಳ್ಳಿ ತೆಗೆದು ತೊಳೆದು ಸಾರಿಗೆ ಹೆಚ್ಚಿದಳು. ಆ ವಿಷಯ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಹೋದ ಕಾರ್ತಿಕದಲ್ಲಿ ಪಿಳ್ಳಪ್ಪನವರಿಗೆ ಹೊಕ್ಕುಳ ಪಕ್ಕ ಹರ್ನಿಯಾ ಆಗಿ, ಆಪರೇಷನ್ನಿಗೆ ದಿನ ಕೊಟ್ಟರು. ಪಿಳ್ಳಪ್ಪ ಅಂದರೆ ಎದುರು ಮನೆಯ ಯಜಮಾನರು, ಅರವತ್ತೆಂಟು ವರ್ಷ, ಮೂರು ಸೀಮೆಹಸು. ಮುನಿವೆಂಕಟಮ್ಮ ಜೊತೆಗಿರುತ್ತೇನೆಂದು ಮಾತು ಕೊಟ್ಟು, ವಾಡಿಕೆಯಂತೆ ಹಿಂದಿನ ದಿನವೇ ಅವರ ಚಪ್ಪಲಿ ಈಸಿಕೊಂಡು ಬುಟ್ಟಿಗೆ ಹಾಕಿಕೊಂಡಳು; ಎದ್ದು ಬಂದು ಈಸಿಕೊಳ್ಳುತ್ತೇನೆಂದು ಅವರೂ ಮಾತು ಕೊಟ್ಟರು. ಮಾರನೆಯ ದಿನ ಬುಟ್ಟಿ ಎತ್ತಲು ಬಗ್ಗಿದವಳು ಮೇಲೇಳಲಿಲ್ಲ. ಎರಡೂ ಕಿಡ್ನಿ ಹೋಗಿ ಎಷ್ಟೋ ದಿನವಾಗಿತ್ತಂತೆ. ಅವಳನ್ನೇ ಅದೇ ಆಸ್ಪತ್ರೆಗೆ ಸೇರಿಸಿ, ಜೊತೆಗಿರುವವರ ಕಾಲಂನಲ್ಲಿ ಅಜ್ಜಿಯ ಹೆಸರು ಬರೆಸಿದರು.

ಅವಳು ಒಳ್ಳೆಯ ರೋಗಿಯಾಗಲಿಲ್ಲ. ರೌಂಡ್ಸಿಗೆ ಡಾಕ್ಟರು ಬರುವ ಹೊತ್ತಿಗೆ “ಜೊತೆಗಿರೋರೆಲ್ಲ ಆಚೆ ಹೋಗಿ” ಎಂದು ಕೂಗಿದರೆ ಸಾಕು, ಅಭ್ಯಾಸಬಲದಿಂದ ಮಂಚ ಇಳಿದು, ಡ್ರಿಪ್ ಬಾಟಲಿ ಕೈಯಲ್ಲಿ ಎತ್ತಿ ಹಿಡಿದು, ಹೋಗಿ ಕಾರಿಡಾರಿನಲ್ಲಿ ನಿಂತುಬಿಡುತ್ತಿದ್ದಳು. ಖಾಲಿ ಮಂಚ ನೋಡಿ ಡಾಕ್ಟರು ಎರಡು ಸಲ ಮುಂದೆ ಹೋದರು. ಮೂರನೆಯ ದಿನ ನರ್ಸ್ ಶಶಿರೇಖಾ ಬಿಳಿ ಪ್ಲಾಸ್ಟರಿನ ಮೇಲೆ ‘ಪೇಷೆಂಟ್’ ಎಂದು ಬರೆದು ಅವಳ ರವಿಕೆಯ ತೋಳಿಗೆ ಅಂಟಿಸಿದರು.

ಕೊನೆಯ ದಿನ ಮಧ್ಯಾಹ್ನ ಅಮ್ಮ ಕಣ್ಣು ಬಿಟ್ಟು ಮಗಳ ಕಡೆ ತಿರುಗಿದಳು.

“ಪಿಳ್ಳಪ್ಪಣ್ಣನ ಚಪ್ಪಲಿ ಬುಟ್ಟೀಲೇ ಐತೆ. ಮಾತು ಕೊಟ್ಟಿವ್ನಿ. ನೀ ಹೋಗು ಜೊತೇಲಿ.”

“ಆಯ್ತಮ್ಮ,” ಅಂದಳು ಸಿಂಚನ. ಇನ್ನೂ ಏನಾದರೂ ಹೇಳಬಹುದೆಂದು ಕಾದಳು. ಅಜ್ಜಿಯ ಕಥೆಗಳಲ್ಲಿ ಸಾಯುವ ರಾಣಿ ಮಗಳ ಕೈಗೆ ಉಂಗುರವನ್ನೋ ಭರಣಿಯನ್ನೋ ಕೊಟ್ಟು ಒಂದು ಗುಟ್ಟು ಹೇಳುತ್ತಾಳೆ. ಇಲ್ಲಿ ಕೊಟ್ಟದ್ದು ಒಂಬತ್ತನೇ ನಂಬರಿನ ಚಪ್ಪಲಿ, ಅದೂ ಬೇರೆಯವರದು.

ಸಿಂಚನ ಬುಟ್ಟಿಯನ್ನು ಅಟ್ಟಕ್ಕೆ ಏರಿಸಿದಳು.

ಅವಳಿಗೆ ದಾಬಸ್‌ಪೇಟೆಯ ಗೋಡೌನಿನಲ್ಲಿ ಕೆಲಸ. ಬರುವ ಡಬ್ಬಗಳಿಗೆಲ್ಲ ಸ್ಕ್ಯಾನರ್ ತೋರಿಸಿ ‘ಬೀಪ್’ ಅನ್ನಿಸುವುದು, ಒಳಗೇನಿರಬಹುದೆಂದು ಯೋಚಿಸುತ್ತಾ ನಿಂತು ಬೈಸಿಕೊಳ್ಳುವುದು. ದಿನಾ ಬೆಳಿಗ್ಗೆ ಕಂಪನಿ ವ್ಯಾನಿಗೆ ಕಾಯುವಾಗ ಎದುರಿಗೆ ಪಿಳ್ಳಪ್ಪ ಡೇರಿಗೆ ಹಾಲು ಒಯ್ಯುತ್ತಿದ್ದರು. ಬಲಗೈಯಲ್ಲಿ ಕ್ಯಾನು, ಎಡಗೈ ಹೊಟ್ಟೆಯ ಗಂಟಿನ ಮೇಲೆ, ಕಾಲು ಬರಿಗಾಲು. ಮಗ ಕೆಂಪರಾಜು ಹೊಸ ಚಪ್ಪಲಿ ತಂದುಕೊಟ್ಟರೆ ಮುಟ್ಟಲಿಲ್ಲ. ಆಪರೇಷನ್ನಿನ ಮಾತೆತ್ತಿದರೆ ಹಸುವಿನ ಕಡೆ ತಿರುಗಿಕೊಳ್ಳುತ್ತಿದ್ದರು. “ಯಾವ ದೇವ್ರಿಗೆ ಹರಕೆ ಯಜಮಾನ್ರೇ?” ಎಂದು ಊರಿನವರು ಕೇಳಿದರೆ, “ಮಾತು ಕೊಟ್ಟಿವ್ನಪ್ಪ” ಎಂದಷ್ಟೇ ಹೇಳುತ್ತಿದ್ದರು. ಭಾರಿ ಹರಕೆಯೇ ಇರಬೇಕೆಂದು ಟೀ ಅಂಗಡಿಯಲ್ಲಿ ಅವರಿಗೆ ಬೇರೆ ಕುರ್ಚಿ ಹಾಕತೊಡಗಿದರು.

ಸಿಂಚನ ಮೊದಲ ಮೂರು ತಿಂಗಳು ಕೋಪಕ್ಕೆ ಚಪ್ಪಲಿ ಕೊಡಲಿಲ್ಲ. ಆಮೇಲಿನ ನಾಲ್ಕು ತಿಂಗಳು, ಇಷ್ಟು ದಿನ ಕೊಡಲಿಲ್ಲವಲ್ಲ ಎಂಬ ನಾಚಿಕೆಗೆ ಕೊಡಲಿಲ್ಲ.

ಒಂದು ಭಾನುವಾರ ಕೆಂಪರಾಜು ಬಂದು ಜಗಲಿಯ ಮೇಲೆ ಕೂತ. “ನೆನ್ನೆ ನಮ್ಮಪ್ಪ ವಾಂತಿ ಮಾಡ್ಕಂಡ್ರು ಕಣಮ್ಮ. ಗಂಟು ಕಲ್ಲಾಗಿತ್ತು. ಡಾಕ್ಟ್ರು ಹೆಂಗೋ ಒಳೀಕ್ ತಳ್ಳಿದ್ರು. ಇನ್ನೊಂದ್ ಸಲ ಹಿಂಗಾದ್ರೆ ಕರುಳೇ ತಿರುಚ್ಕಂಡ್ ಹೋಗ್ತಾರೆ ಅಂದವ್ರೆ. ಮಂಗಳವಾರಕ್ಕೆ ದಿನ ಕೊಟ್ಟವ್ರೆ, ಈವಯ್ಯ ಬರಕಿಲ್ಲ ಅಂತದೆ. ನೀನಾದ್ರೂ ಹೇಳು.”

ಒಳಗಿನಿಂದ ಅಜ್ಜಿಯ ದನಿ ಬಂತು. “ಅಟ್ಟದ್ ಮ್ಯಾಲಿರೋದ್ನ ಇಳಿಸೇ. ಏಳು ತಿಂಗಳಿಂದ ಇಲೀನೇ ಕಾಯ್ತಾ ಐತೆ ಅದ್ನ.”

ಪಿಳ್ಳಪ್ಪ ಕೊಟ್ಟಿಗೆಯ ಮುಂದೆ ಹುಲ್ಲು ಹಾಕುತ್ತಿದ್ದರು. ಬುಟ್ಟಿ ನೋಡಿ ಕೈ ನಿಲ್ಲಿಸಿದರು.

“ಯಾರ್ಗೆ ಹುಷಾರಿಲ್ಲ ಮಗ?”

“ನಿಮಗೇ ತಾತ. ಮಂಗಳವಾರ ಆಸ್ಪತ್ರೆಗೆ ನಾನು ಜೊತೇಲಿ ಬರ್ತೀನಿ.”

“ನಿಮ್ಮವ್ವ ಬತ್ತೀನಿ ಅಂದಿದ್ಲು.”

“ಅಮ್ಮ ಹೋಗಿ ಏಳು ತಿಂಗಳಾಯ್ತು ತಾತ.”

“ಗೊತ್ತು ಕಣಮ್ಮ. ತಿಥಿ ಊಟಕ್ಕೆ ಬಂದಿದ್ನಲ್ಲ, ಎಲ್ಡು ಸಲ ಪಾಯ್ಸ ಹಾಕಿಸ್ಕಂಡೆ.” ಕಲ್ಲಿನ ಮೇಲೆ ಕೂತರು. “ತೆಗಿ, ಏನೇನೈತೆ ನೋಡಾನ.”

ಸಿಂಚನ ಒಂದೊಂದಾಗಿ ತೆಗೆದಿಟ್ಟಳು. ಪರೀಕ್ಷೆ ಮಾಡುವವರಂತೆ ಅವರು ತಲೆಯಾಡಿಸಿದರು. ಫ್ಲಾಸ್ಕು. ತಟ್ಟೆ. ಲೋಟ. ಬಟ್ಟೆ.

“ನಿಂಬೆಹಣ್ಣು?”

ಅದು ಒಣಗಿ ಗೋಲಿಯಷ್ಟಾಗಿತ್ತು. ಪಿಳ್ಳಪ್ಪ ಮೂಗಿನ ಹತ್ತಿರ ಹಿಡಿದು ನೋಡಿ ವಾಪಸು ಕೊಟ್ಟರು. “ಹೊಸಾದು ಹಾಕ್ಕೊ.”

ಕೊನೆಗೆ ಕವರು ಬಂತು.

“ಎಲ್ಲಿತ್ತು ಇದು?”

“ನಮ್ಮನೆ ಅಟ್ಟದ ಮೇಲೆ.”

“ಏಳು ತಿಂಗಳೂ?”

“ಹೂಂ.”

“ದಿನಾ ವ್ಯಾನ್ ಕಾಯ್ತಾ ನನ್ ಕಾಲ್ ನೋಡ್ತಿದ್ದಲ್ಲೇ?”

“ಹೂಂ ತಾತ. ತಪ್ಪಾಯ್ತು.”

“ಮೂರು ಸಲ ಮುಳ್ಳು ಚುಚ್ತು, ಒಂದ್ಸಲ ಹಸಾನೂ ತುಳೀತು,” ಅಂದರು, ಡೇರಿಯಲ್ಲಿ ಹಾಲಿನ ಫ್ಯಾಟು ಓದಿ ಹೇಳುವವರಂತೆ.

ಸಿಂಚನ ಚಪ್ಪಲಿಯನ್ನು ಅವರ ಕಾಲ ಬಳಿಗೆ ಸರಿಸಿದಳು. ಪಿಳ್ಳಪ್ಪ ಕಾಲು ಹಿಂದಕ್ಕೆ ಎಳೆದುಕೊಂಡರು.

“ಈಗ್ಲೇ ಯಾಕ್ ಕೊಟ್ಟೀಯ? ಇನ್ನಾ ಆಪರೇಷನ್ನೇ ಆಗಿಲ್ಲ. ಹಾಕು ಬುಟ್ಟಿಗೆ.”

ಮಂಗಳವಾರ ಆಸ್ಪತ್ರೆಯಲ್ಲಿ ನರ್ಸ್ ಶಶಿರೇಖಾ ಮೊದಲು ಬುಟ್ಟಿ ನೋಡಿದರು, ಆಮೇಲೆ ಅದನ್ನು ಹಿಡಿದವಳ ಮುಖ ನೋಡಿದರು, ಆಮೇಲೆ ಪೆನ್ನು ತೆಗೆದರು.

“ಪೇಷೆಂಟಿಗೆ ಏನಾಗ್ಬೇಕು ನೀವು?”

ಸಿಂಚನ ರಿಜಿಸ್ಟರಿನ ಖಾಲಿ ಕಾಲಂ ನೋಡಿದಳು. ಅಮ್ಮ ಇದನ್ನು ಹೇಗೆ ಅಷ್ಟು ಸಲೀಸಾಗಿ ಮಾಡುತ್ತಿದ್ದಳೋ. ಕೆಂಪರಾಜು ಮೂಲೆಯಲ್ಲಿ ನಿಂತು ಬೆವರುತ್ತಿದ್ದ. ರಕ್ತ ಕಂಡರೆ ತಲೆ ತಿರುಗುವುದು ಆ ಮನೆಯವರ ವಂಶದ ಗುಣ.

“ಮಗಳು ಅಂತ ಬರ್ಕೊಳಿ ಮೇಡಮ್ಮೋರೆ,” ಅಂದರು ಪಿಳ್ಳಪ್ಪ. “ನಂಗೆ ಹಾವು ಕಚ್ಚಿದಾಗ ಇವ್ರವ್ವ ನನ್ ಹೆಂಡ್ತಿ ಅಂತ ಬರೆಸಿದ್ಲು. ನನ್ ಹೆಂಡ್ತಿ ಆಚೆ ನಿಂಬೆಹಣ್ಣು ಮೂಸ್ತಾ ಕೂತಿದ್ಲು. ಮಗಳು ಅಂದ್ರೆ ಸರಿ ಹೋಯ್ತದೆ.”

ಶಶಿರೇಖಾ ‘ಮಗಳು’ ಎಂದು ಬರೆದರು. ರಿಜಿಸ್ಟರಿನಲ್ಲಿ ಸಿಂಚನಳ ಹೆಸರು ಬಂದದ್ದು ಅದೇ ಮೊದಲು.

ಆಪರೇಷನ್ ಎರಡು ಗಂಟೆ ಹಿಡಿಯಿತು. ಆಮೇಲಿನದೇ ಕಷ್ಟವಾದದ್ದು. “ಕೆಳಗಡೆ ಗಾಳಿ ಹೋಗೋವರ್ಗೂ ಒಂದು ತೊಟ್ಟು ನೀರೂ ಕೊಡಂಗಿಲ್ಲ. ಹೋದ ತಕ್ಷಣ ಬಂದು ಹೇಳ್ಬೇಕು,” ಎಂದು ಶಶಿರೇಖಾ ಹೇಳಿ ಹೋದರು. ಮಾರನೆಯ ದಿನ ಬೆಳಿಗ್ಗೆಯಾದರೂ ಹೋಗಲಿಲ್ಲ. ಮಗಳೆಂದು ಬರೆಸಿದ ಮೇಲೆ ಆ ಮಾತು ಕೇಳಲು ಸಿಂಚನಳಿಗೆ ನಾಚಿಕೆ, ಹೇಳಲು ಪಿಳ್ಳಪ್ಪನವರಿಗೆ ನಾಚಿಕೆ. ಅವಳು ಸೀರೆಯ ತುಂಡನ್ನು ನೀರಲ್ಲಿ ಅದ್ದಿ ಅವರ ತುಟಿ ಒರೆಸಿದಳು. ರೌಂಡ್ಸಿಗೆ ಎಲ್ಲರನ್ನೂ ಆಚೆ ಕಳಿಸಿದಾಗ ಕಾರಿಡಾರಿನಲ್ಲಿ, ಅಮ್ಮ ಬಾಟಲಿ ಹಿಡಿದು ನಿಲ್ಲುತ್ತಿದ್ದ ಕಂಬದ ಪಕ್ಕ ನಿಂತಳು. ಅಲ್ಲಿಂದ ವಾರ್ಡಿನ ಎಲ್ಲ ಮಂಚಗಳೂ ಕಾಣುತ್ತಿದ್ದವು.

ಹನ್ನೊಂದು ಗಂಟೆಗೆ ಪಿಳ್ಳಪ್ಪ ಸೂರು ನೋಡುತ್ತಾ ಕೇಳಿದರು. “ಈರುಳ್ಳಿ ಹುಡ್ಗಿ ನೀನೇ ಅಲ್ವಾ?”

“ಯಾರು ಹೇಳಿದ್ದು?”

“ನಿಮ್ಮವ್ವ. ಹಾವು ಕಚ್ಚಿದಾಗ ನಾ ನಿದ್ದೆ ಮಾಡಬಾರ್ದು ಅಂತ ನಾಕು ಸಲ ಹೇಳಿದ್ಲು.”

“ನಂಗೂ ಹೇಳವ್ರೆ,” ಅಂತು ಪಕ್ಕದ ಮಂಚ. ಅಲ್ಲಿದ್ದವರು ಲಕ್ಷ್ಮಯ್ಯ, ಪಕ್ಕದೂರಿನವರು, ಎರಡನೇ ಸಲ ಸೇರಿದ್ದರು. ಡ್ರಿಪ್ ಬದಲಿಸುತ್ತಿದ್ದ ಶಶಿರೇಖಾ ತಿರುಗಲೂ ಇಲ್ಲ. “ನಮ್ ಸ್ಟಾಫಿಗೆಲ್ಲ ಗೊತ್ತು.”

ಸಿಂಚನಳ ಕಿವಿ ಬಿಸಿಯಾಯಿತು.

“ಅವತ್ತು ನಿಮ್ಮವ್ವ ಯಾರ್ದೋ ಕಣ್ಣಾಪರೇಷನ್ಗೆ ಹೊರಟಿದ್ಲಂತೆ,” ಪಿಳ್ಳಪ್ಪ ಮುಂದುವರಿಸಿದರು. “ಈರುಳ್ಳಿ ಸಿಕ್ತಲ್ಲ, ಬುಟ್ಟಿ ಇಳಿಸ್ಬಿಟ್ಟು ಮನೇಲೇ ಉಳ್ಕಂಡ್ಲಂತೆ. ನನ್ ಮಗಳಿಗೆ ಈರುಳ್ಳಿ ಜ್ವರ, ಬರಕ್ಕಾಗಲ್ಲ ಅಂತ ಹೇಳಿ ಕಳಿಸಿದ್ಲಂತೆ.”

ಸಿಂಚನ ನೆನೆಸಿಕೊಂಡಳು. ಹೌದು. ಅವತ್ತು ಸಂಜೆಯವರೆಗೂ ಅಮ್ಮ ಮನೆಯಲ್ಲೇ ಇದ್ದಳು. ಇಬ್ಬರೂ ಕೂತು ಅವರೆಕಾಳು ಬಿಡಿಸಿದ್ದರು. ಈರುಳ್ಳಿಯ ಅವಮಾನದಲ್ಲಿ ಅವರೆಕಾಳು ಮರೆತುಹೋಗಿತ್ತು.

“ಆ ಸಾರು ಮಾತ್ರ...” ಪಿಳ್ಳಪ್ಪನವರ ಹೊಟ್ಟೆ ಕುಲುಕತೊಡಗಿತು. “ಆ ಸಾರು ಮಾತ್ರ ಭಾಳ ರುಚಿ ಆಗಿತ್ತಂತೆ ಕಣೇ...”

“ನಗ್ಬೇಡಿ, ಹೊಲಿಗೆ ಬಿಚ್ಕೊಳತ್ತೆ!” ಎಂದು ಶಶಿರೇಖಾ ಗದರುವಷ್ಟರಲ್ಲಿ, ಹಸಿಬಟ್ಟೆ ಹರಿದಂಥ ಒಂದು ಸದ್ದು ಬಂದು ವಾರ್ಡೆಲ್ಲ ಹಬ್ಬಿತು.

ಎಲ್ಲರೂ ಸಿಂಚನಳ ಕಡೆ ತಿರುಗಿದರು.

ಹೇಳುವುದು ಜೊತೆಗಿರುವವರ ಕೆಲಸ. ಸಿಂಚನ ಎದ್ದು ನಿಂತಳು. “ಸಿಸ್ಟರ್, ಆಯ್ತು.”

“ಕೇಳಿಸ್ತು,” ಅಂದರು ಶಶಿರೇಖಾ, ಗಡಿಯಾರ ನೋಡಿ ಹಾಳೆಯಲ್ಲಿ ಬರೆದುಕೊಂಡರು. “ಗಂಜಿ ಕೊಡಿ.”

ಶನಿವಾರ ಡಿಸ್ಚಾರ್ಜ್ ಆಯಿತು. ಕೆಂಪರಾಜು ಆಟೋ ತರಲು ಹೋದ. ಸಿಂಚನ ಬುಟ್ಟಿಯಿಂದ ಕವರು ತೆಗೆದು, ಚಪ್ಪಲಿಯನ್ನು ಮಂಚದ ಕೆಳಗೆ, ತುದಿ ಬಾಗಿಲ ಕಡೆಗೆ ಮಾಡಿ ಇಟ್ಟಳು. ಪಿಳ್ಳಪ್ಪ ಕಾಲು ತೂರಿಸಿದರು. ಹೋಗಲಿಲ್ಲ.

“ನಿಮ್ಮವ್ವ ಬ್ಯಾರೆ ಯಾರ್ದೋ ಎತ್ಕಂಡ್ ಬಂದವ್ಳೆ.”

“ನಿಮ್ದೇ ತಾತ.”

“ನಂದು ಸಡಿಲವಾಗಿತ್ತು.”

ಹೊಲಿಗೆ ಇದ್ದುದರಿಂದ ಅವರು ಬಗ್ಗುವಂತಿರಲಿಲ್ಲ. ಸಿಂಚನ ಒಂದನ್ನು ಎತ್ತಿ ತಿರುಗಿಸಿ ತೋರಿಸಿದಳು. ಹಿಮ್ಮಡಿಯಲ್ಲಿ ಸೈಕಲ್ ಟಯರಿನ ತೇಪೆ, ನೀಲಿ ವೈರಿನ ಹೊಲಿಗೆ. ಪಿಳ್ಳಪ್ಪ ಕಣ್ಣು ಕಿರಿದಾಗಿಸಿ ನೋಡಿದರು.

“ನಂದೇ,” ಅಂದರು. “ಕಾಲೇ ಅಗಲ ಆಗೈತೆ.”

“ಏಳು ತಿಂಗಳು ಬರಿಗಾಲಲ್ಲಿ ಓಡಾಡಿದ್ರೆ ಇನ್ನೇನಾಗತ್ತೆ?” ಅಂದರು ಶಶಿರೇಖಾ, ಹಾದುಹೋಗುತ್ತಾ.

ಸಿಂಚನ ನೆಲದ ಮೇಲೆ ಕೂತಳು. ಪಟ್ಟಿಯನ್ನು ಕೊನೆಯ ತೂತಿಗೆ ಸಡಿಲಿಸಿ, ಹೆಬ್ಬೆರಳನ್ನು ಚಪ್ಪಲಿಯ ಉಂಗುಟದೊಳಗೆ ತೂರಿಸಿ, ಹಿಮ್ಮಡಿಯನ್ನು ಅಂಗೈಯಿಂದ ಒತ್ತಿದಳು. ಬಲಗಾಲು ಹೋಯಿತು. ಎಡಗಾಲಿಗೆ ಸ್ವಲ್ಪ ಹೆಚ್ಚು ಹೊತ್ತು ಬೇಕಾಯಿತು.

“ಆಯ್ತಾ ತಾತ?”

ಪಿಳ್ಳಪ್ಪ ಎದ್ದು ನಿಂತು ಎರಡು ಹೆಜ್ಜೆ ಇಟ್ಟು ನೋಡಿದರು.

“ಆಯ್ತು.”