ಆರ್ಕಿಡ್‌ಗೆ ದಿನಕ್ಕೊಂದು ಲೋಟ ನೀರು

ಗಿಡ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೆಂಟರಿಷ್ಟರ ಬಾಯಲ್ಲಿ ಬೇರೆಯೇ ಕತೆ ಓಡಾಡುತ್ತಿದೆ.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಹನ್ನೊಂದು ವರ್ಷದ ಹಿಂದೆ ಯಾರೋ ಅಂಗಡಿಗೆ ಉಡುಗೊರೆ ಕೊಟ್ಟಿದ್ದ ಆರ್ಕಿಡ್ ಹೂವೆಲ್ಲ ಉದುರಿಸಿಕೊಂಡು, ಎರಡೇ ಎರಡು ಎಲೆಯೊಂದಿಗೆ ಕಸದ ಬುಟ್ಟಿ ಸೇರಿತ್ತು. ನಾನು ಮನೆಗೆ ತಂದೆ. ಕುಂಡದಿಂದ ತೆಗೆದು ನೋಡಿದರೆ ಬೇರಿನ ಸುತ್ತ, ನರ್ಸರಿಯವರು ನೀರು ಹಿಡಿದಿಡಲು ತುಂಬುವ ನಾರಿನಂಥ ಪಾಚಿಯನ್ನು ಒದ್ದೆ ಬಟ್ಟೆಯ ಉಂಡೆಯಂತೆ ತುರುಕಿದ್ದರು. ಕೊಳೆತದ್ದನ್ನೆಲ್ಲ ಕತ್ತರಿಸಿ, ಮರದ ತೊಗಟೆಯ ಚೂರಿಗೆ ಒಂದಿಷ್ಟು ಇದ್ದಿಲು ಬೆರೆಸಿ ಅದರಲ್ಲಿ ಕೂರಿಸಿದೆ. ಆರ್ಕಿಡ್‌ಗೆ ಮಣ್ಣು ಬೇಡ. ಅದರ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು.

ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಕುಂಡದಲ್ಲಿ ಇಟ್ಟಿದ್ದೆ. ಬೇರು ಒಣಗಿ ಬೂದಿ ಬಣ್ಣಕ್ಕೆ ತಿರುಗಿದಾಗ ಮಾತ್ರ ನೀರು. ಬೆಳಿಗ್ಗೆ ಕುಂಡವನ್ನು ನೀರು ತುಂಬಿದ ಬೋಗುಣಿಯಲ್ಲಿ ಹತ್ತು ನಿಮಿಷ ಕೂರಿಸಿ, ಎತ್ತಿ, ಕೊನೆಯ ಹನಿಯವರೆಗೂ ಸೋರಲು ಬಿಡುತ್ತಿದ್ದೆ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಹತ್ತಿಯಿಂದ ಒರೆಸುತ್ತಿದ್ದೆ. "ನಂಗೆ ಜ್ವರ ಬಂದಾಗ ಇಷ್ಟು ನಾಜೂಕಾಗಿ ಒರೆಸಿದ್ದು ಕಾಣೆ," ಎಂದು ನನ್ನ ಗಂಡ ರೇಗಿಸುತ್ತಿದ್ದರು. ಮೂರನೇ ವರ್ಷ ಹೂ ಬಿಟ್ಟಿತು. ಹತ್ತನೇ ವರ್ಷ ಮೂರು ಕಡ್ಡಿಗಳಲ್ಲಿ ಮೂವತ್ತೊಂದು ಹೂ.

ಆಗಲೇ ನನ್ನ ಓರಗಿತ್ತಿಯ ಕಣ್ಣು ಬಿದ್ದದ್ದು. ಅವಳು ನನ್ನ ಮೈದುನನ ಹೆಂಡತಿ. ಹೊಸ ಮನೆ ನೋಡಲು ಜನ ಬರುತ್ತಾರೆ, ಒಂದು ವಾರ ಕೊಡಿ ಅಕ್ಕ ಎಂದಳು. ವಾರ ಕಳೆದ ಮೇಲೆ ಕೇಳಿದರೆ, "ಈಗ ಅಲ್ಲಾಡಿಸಿದ್ರೆ ಮೊಗ್ಗು ಉದುರಿಹೋಗುತ್ತೆ ಅಕ್ಕ," ಎಂದಳು. ಅದು ನಿಜ, ಜಾಗ ಬದಲಾದರೆ ಆರ್ಕಿಡ್ ಮುನಿಸಿಕೊಳ್ಳುತ್ತದೆ. ಬಾಯಿ ಮುಚ್ಚಿಕೊಂಡೆ. ತಿಂಗಳುಗಳು ಉರುಳಿದವು. ಆಮೇಲೆ ಹೂಗಾರಿಕೆ ಸಂಘದ ಪ್ರದರ್ಶನದಲ್ಲಿ ನನ್ನ ಗಿಡಕ್ಕೆ ಮೊದಲ ಬಹುಮಾನ ಬಂತು, ಅವಳ ಹೆಸರಿನಲ್ಲಿ. ಪತ್ರಿಕೆಯಲ್ಲಿ ಫೋಟೋ. ಕುಂಡಕ್ಕೆ ಕೆನ್ನೆ ತಾಗಿಸಿಕೊಂಡು ನಿಂತಿದ್ದಾಳೆ, ಕೆಳಗೆ ಅವಳದೇ ಮಾತು: ಹನ್ನೊಂದು ವರ್ಷ ಮಗಳಂತೆ ಸಾಕಿದೆ.

ನನ್ನ ಮೈಯೆಲ್ಲ ಹೊತ್ತಿ ಉರಿಯಿತು. "ಹೋಗ್ಲಿ ಬಿಡೇ, ಒಂದು ಗಿಡಕ್ಕೋಸ್ಕರ ಮನೆಯವರ ಹತ್ರ ನಿಷ್ಠುರ ಯಾಕೆ," ಎಂದರು ಗಂಡ. ಬಿಡುವವಳಲ್ಲ ನಾನು. ಆದರೆ ಜಗಳವಾಡಿದರೆ ಹೊಟ್ಟೆಕಿಚ್ಚಿನವಳು ಎಂಬ ಹಣೆಪಟ್ಟಿ ನನಗೇ ಅಂಟುತ್ತದೆ. ಹಲ್ಲು ಕಚ್ಚಿಕೊಂಡು ಕಾದೆ.

ಅವಳೇ ಅಂಗಡಿಗೆ ಬಂದಳು. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು, ಬೆಣ್ಣೆಯಂಥ ದನಿಯಲ್ಲಿ, "ಅಕ್ಕ, ಹೂವೆಲ್ಲ ಮುಗೀತು. ತೊಗಟೆ ಹಳೇದಾಗಿ ಪುಡಿಪುಡಿ ಆಗಿದೆ. ಎರಡು ತಿಂಗಳಲ್ಲಿ ಸಂಘದವರು ಬಹುಮಾನ ಬಂದೋರ ಮನೆಗೆಲ್ಲ ಗಿಡ ನೋಡೋಕೆ ಬರ್ತಾರಂತೆ. ಯಾವುದರಲ್ಲಿ ನೆಡ್ಲಿ, ನೀರೆಷ್ಟು ಹಾಕ್ಲಿ, ಸ್ವಲ್ಪ ಬರೆದುಕೊಡಿ," ಎಂದಳು.

ಕಣ್ಣಿನ ನಂಬರು ಬರೆಯುವ ಕಾರ್ಡೊಂದನ್ನು ತಿರುಗಿಸಿ, ದುಂಡಗಿನ ಅಕ್ಷರದಲ್ಲಿ ಬರೆದೆ. ತೊಗಟೆ ಪೂರಾ ತೆಗೆದು ಪಾಚಿ ತುಂಬು. ಗಾಳಿಯಾಡದಂತೆ ಒತ್ತು. ಅಡಿಯಲ್ಲಿ ತೂತಿಲ್ಲದ ಪಿಂಗಾಣಿ ಕುಂಡ ಇರಲಿ, ನೋಡಲು ಲಕ್ಷಣ. ದಿನಕ್ಕೊಂದು ಲೋಟ ನೀರು, ಎಲೆಗಳ ನಡುವೆ. ಪಾಚಿಯೇನೂ ವಿಷವಲ್ಲ. ಸಡಿಲವಾಗಿ ತುಂಬಿ, ಒಣಗಿದಾಗ ಮಾತ್ರ ನೀರು ಕೊಟ್ಟರೆ ಅದರಲ್ಲೂ ಆರ್ಕಿಡ್ ಚೆನ್ನಾಗಿಯೇ ಬೆಳೆಯುತ್ತದೆ. ಅದನ್ನೊಂದು ಬರೆಯಲಿಲ್ಲ.

ಮೂರು ವಾರಕ್ಕೆ ಫೋನ್ ಬಂತು. "ಅಕ್ಕ, ಎಲೆ ಸುಕ್ಕುಗಟ್ಟಿ ಜೋತುಬಿದ್ದಿದೆ."

ಆರ್ಕಿಡ್ ಸಾಕುವವರು ಎಡವುವುದೇ ಇಲ್ಲಿ. ನೀರಿಲ್ಲದಿದ್ದರೂ ಎಲೆ ಸುಕ್ಕಾಗುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತರೂ ಸುಕ್ಕಾಗುತ್ತದೆ, ಹೀರಲು ಬೇರೇ ಇಲ್ಲವಲ್ಲ. ಎಲೆ ನೋಡಿ ಯಾವುದೆಂದು ಹೇಳಲಾಗದು, ಬೇರು ನೋಡಬೇಕು. ಪಿಂಗಾಣಿಯೊಳಗೆ ಬೇರು ಕಾಣುವುದಿಲ್ಲ.

"ಬಾಯಾರಿದೆ ಪಾಪ. ಎರಡು ಲೋಟ ಹಾಕು," ಎಂದೆ.

ಫೋನಿಟ್ಟಾಗ ಹೊಟ್ಟೆ ತಣ್ಣಗಾಯಿತು. ಅಂದು ಎರಡು ತುತ್ತು ಹೆಚ್ಚೇ ಉಂಡೆ. ಗಿಡದ ನೆನಪಾಗಲಿಲ್ಲವೇ ಎಂದರೆ, ಆಯಿತು. ಗಾಜು ಉಜ್ಜುವಾಗ ಕೈ ನಿಂತುಬಿಡುತ್ತಿತ್ತು. ಆ ಫೋಟೋ ನೆನೆಸಿಕೊಂಡರೆ ಮತ್ತೆ ಕೆಲಸ ಸಾಗುತ್ತಿತ್ತು.

ಸಂಘದವರು ಭಾನುವಾರ ಬೆಳಿಗ್ಗೆ ಬರುವವರಿದ್ದರು. ಅವಳ ಮುಖ ಕಪ್ಪಾಗುವುದನ್ನು ಕಣ್ಣಾರೆ ನೋಡದಿದ್ದರೆ ಮುಯ್ಯಿ ತೀರಿಸಿ ಏನು ಬಂತು? ಇದ್ದುದರಲ್ಲಿ ಒಳ್ಳೆ ಸೀರೆ ಉಟ್ಟು ಹೋದೆ. ಆರು ಜನ ಸೋಫಾದಲ್ಲಿ ಕೂತಿದ್ದರು. ಸಂಘದ ಕಾರ್ಯದರ್ಶಿ ಸಸ್ಯಶಾಸ್ತ್ರದ ಮೇಷ್ಟರಾಗಿದ್ದವರು. ಅವರು ಕಿಟಕಿಯ ಬಳಿ ಹೋಗಿ ಎಲೆಯೊಂದನ್ನು ಮೆಲ್ಲಗೆ ಎತ್ತಿದರು. ಅದು ಬುಡಸಮೇತ ಕಳಚಿ ಕೈಗೆ ಬಂತು. ಓದಿದ ಪತ್ರಿಕೆಯೊಂದನ್ನು ಟೀಪಾಯಿಯ ಮೇಲೆ ಹರಡಿ, ಗಿಡವನ್ನು ಕುಂಡದಿಂದ ಕಿತ್ತು ಮಲಗಿಸಿದರು. ಕಂದು ನೀರು ಸೋರಿತು. ಚರಂಡಿಯ ವಾಸನೆ ಕೋಣೆಯೆಲ್ಲ ಹರಡಿತು.

"ಹೀಗೆ ನೆಡೋಕೆ ಯಾರ್ರೀ ಹೇಳಿದ್ದು?"

ಓರಗಿತ್ತಿ ಬಿಳಿಚಿಕೊಂಡಳು. ಡ್ರಾಯರಿನಿಂದ ನನ್ನ ಕಾರ್ಡು ತಂದು ಅವರ ಕೈಗಿಟ್ಟಳು. "ಸರ್, ಗಿಡ ನಂದಲ್ಲ, ನಮ್ಮಕ್ಕಂದು. ಹತ್ತು ವರ್ಷ ಸಾಕಿದ್ದು ಅವರೇ. ಅವರು ಬರೆದುಕೊಟ್ಟ ಹಾಗೇ ಮಾಡಿದೀನಿ, ಒಂದು ದಿನಾನೂ ತಪ್ಪಿಸಿಲ್ಲ."

ಈ ಮಾತನ್ನು ಎಲ್ಲರೆದುರು ಅವಳ ಬಾಯಿಂದ ಕೇಳಬೇಕೆಂದು ಎಷ್ಟು ಕಾದಿದ್ದೆ. ಕೇಳಿದ್ದೂ ಆಯಿತು. ಅವಳ ದನಿಯಲ್ಲಿ ನಾಟಕವಿರಲಿಲ್ಲ. ನಾನು ಸುಳ್ಳು ಬರೆದಿರಬಹುದೆಂಬ ಅನುಮಾನ ಈಗಲೂ ಅವಳ ತಲೆಗೆ ಬಂದಿರಲಿಲ್ಲ.

ಕಾರ್ಯದರ್ಶಿ ಕಾರ್ಡನ್ನು ಜೋರಾಗಿ ಓದಿದರು. ಓದಿ, ನನ್ನ ಕಡೆ ಕನಿಕರದಿಂದ ನೋಡಿದರು. "ಹೋಗ್ಲಿ ಬಿಡಿ, ಗೊತ್ತಿಲ್ಲದೆ ಬರೆದಿದಾರೆ. ಇಷ್ಟು ವರ್ಷ ಗಿಡ ಉಳಿದದ್ದು ಅದೃಷ್ಟ ಅಷ್ಟೇ. ಹೊಸದಾಗಿ ಸಾಕೋರು ಎಲ್ರೂ ಮಾಡೋ ತಪ್ಪೇ ಇದು."

ಸೋಫಾದಲ್ಲಿದ್ದವರು ಹೌದೆಂದು ತಲೆಯಾಡಿಸಿದರು. ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹತ್ತು ವರ್ಷ ಹತ್ತಿಯಿಂದ ನೀರು ಒರೆಸಿದವಳಿಗೆ ಹೊಸಬಳು ಎಂದರೆ ಹೇಗೆ ತಡೆದುಕೊಳ್ಳಲಿ? ಕೆಟ್ಟವಳು ಎಂದರೆ ಅನ್ನಲಿ, ಗೊತ್ತಿಲ್ಲದವಳು ಎಂದು ಮಾತ್ರ ಯಾರೂ ಅನ್ನಬಾರದು.

"ಗೊತ್ತಿಲ್ಲದೆ ಅಲ್ಲ," ಎಂದೆ. "ಬೇರು ಕೊಳೀಲಿ ಅಂತ ಗೊತ್ತಿದ್ದೇ ಬರೆದದ್ದು."

ಓರಗಿತ್ತಿ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ತಪ್ಪಿಸಲು ಗಿಡದ ಕಡೆ ನೋಡಿದೆ. ಆ ಕೊಳೆತ ಮುದ್ದೆಯ ನಡುವೆ ಒಂದೇ ಒಂದು ಬೇರು, ಕಿರುಬೆರಳುದ್ದ, ಗಟ್ಟಿಯಾಗಿ, ತುದಿಯಲ್ಲಿ ಹಸಿರಾಗಿ ಉಳಿದಿತ್ತು. ಎರಡು ಎಲೆಯಿಂದ ಬದುಕಿಸಿದ ಕೈ ತಾನಾಗಿ ಮುಂದೆ ಹೋಯಿತು.

ಅವಳು ಪತ್ರಿಕೆಯ ಸಮೇತ ಗಿಡವನ್ನು ತನ್ನ ಕಡೆಗೆ ಎಳೆದುಕೊಂಡಳು. "ಬೇಡ ಅಕ್ಕ. ನೀವು ಮುಟ್ಬೇಡಿ."

"ಒಂದು ಬೇರಿಗೆ ಇನ್ನೂ ಜೀವ ಇದೆ ಕಣೆ," ಎಂದೆ. "ಕೊಳೆತದ್ದನ್ನೆಲ್ಲ ಇವತ್ತೇ ಕತ್ತರಿಸು. ಒಂದು ದಿನ ನೆರಳಲ್ಲಿ ಆರಲಿ. ಆಮೇಲೆ ಚಿಕ್ಕ ಕುಂಡದಲ್ಲಿ, ಬರೀ ಹೊಸ ತೊಗಟೆ ಚೂರಲ್ಲಿ ಕೂರಿಸು. ಬೇರು ಬೂದಿ ಬಣ್ಣಕ್ಕೆ ಬರೋವರೆಗೂ ನೀರು ಹಾಕ್ಬೇಡ. ಬದುಕುತ್ತೆ."

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿಯೂ ನೋಡದೆ ಕಾರ್ಯದರ್ಶಿಯನ್ನು ಕೇಳಿದಳು, "ಸರ್, ಇವರು ಹೇಳ್ತಿರೋದು ನಿಜಾನಾ?"