ಕಚೇರಿಯ ಹಿತ್ತಲಿಗೆ ಬಂದ ಆಡುಗಳು

ಗುಡ್ಡ ಎಲ್ಲರದ್ದು ಎಂದು ಸರ್ಕಾರ ಹೇಳಿತು. ಹೇಳುತ್ತಲೇ ಹಂಚಿಯೂ ಬಿಟ್ಟಿತು. ಒಂದು ಮಗ್ಗುಲು ಗಣಿಯವರಿಗೆ. ಇನ್ನೊಂದು ಅರಣ್ಯ ಇಲಾಖೆಯ ಸಸಿಗಳಿಗೆ. ನೆತ್ತಿಯೋ, ಪಟ್ಟಣದಿಂದ ಕಾರಿನಲ್ಲಿ ಬಂದು ನಡೆದು ಹೊಟ್ಟೆ ಕರಗಿಸುವವರಿಗೆ. ಮೊಂಡಕ್ಕನ ಆಡುಗಳ ಪಾಲಿಗೆ ಒಂದು ಬೋರ್ಡು ಬಂತು: ಇಲ್ಲಿ ಮೇಯಿಸುವುದು ಅಪರಾಧ.

ಆಡುಗಳಿಗೆ ಓದು ಬರುವುದಿಲ್ಲ. ನೀರಿನ ಹೊಂಡ ಇಲಾಖೆ ಹಾಕಿದ ಬೇಲಿಯಾಚೆ ಇತ್ತು. ಅವು ನುಗ್ಗಿದವು. ಇಲಾಖೆಯ ಗಾರ್ಡುಗಳು ಅಷ್ಟನ್ನೂ ಹೊಡೆದುಕೊಂಡು ಹೋಗಿ ಕಚೇರಿಯ ಹಿತ್ತಲಿನ ದೊಡ್ಡಿಗೆ ತುಂಬಿದರು. ದಂಡ ಕಟ್ಟಿ ಬಿಡಿಸಿಕೋ ಎಂದರು.

ಮರಿಗಳು ಮನೆಯಲ್ಲೇ ಬುಟ್ಟಿಯ ಕೆಳಗಿದ್ದವು. ತಾಯಂದಿರು ಮೇದು ಬರುವ ತನಕ ಅವುಗಳನ್ನು ಹಾಗೆ ಕವುಚಿಡುವುದು ರೂಢಿ. ಸಂಜೆಗೆ ಹಸಿದು ಬಾಯಿಬಾಯಿ ಬಿಟ್ಟವು.

“ಹೋಗಿ ಸಾಹೇಬ್ರ ಕಾಲು ಹಿಡಿ ಅತ್ತಿಗೆ,” ಎಂದಳು ನಾದಿನಿ.

“ಇವತ್ತು ನಾನು ಕಾಲು ಹಿಡಿದ್ರೆ, ನಾಳೆ ಅವ್ರು ಮತ್ತೆ ಆಡು ಹಿಡೀತಾರೆ. ಈ ಮರಿಗಳಿಗೆ ನಿನ್ನ ಆಡಿನ ಹಾಲು ಕುಡಿಸ್ತೀಯಾ?”

“ಕುಡಿಸ್ದೆ ಏನ್ಮಾಡ್ಲಿ. ನಿನ್ನ ಹಟಕ್ಕೆ ಮರಿ ಸಾಯಿಸ್ಲಾ?”

ಕೇರಿಯ ಹೆಂಗಸರು ಒಂದೊಂದು ಮರಿ ಎತ್ತಿಕೊಂಡು ಹೋದರು. ಮೊಂಡಕ್ಕ ಮಲಗಿದಳೇ ಹೊರತು ಕಣ್ಣು ಮುಚ್ಚಲಿಲ್ಲ. ಹಾಲು ಕಟ್ಟಿ ಕೆಚ್ಚಲು ಬಾತರೆ ಆಡು ಉಳಿಯುವುದಿಲ್ಲ. ಬೆಳಗಾಗುತ್ತಲೇ ಚೊಂಬು ಹಿಡಿದು ದೊಡ್ಡಿಗೆ ನಡೆದಳು.

ಸಾಹೇಬರು ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಂತಿದ್ದರು. ಹಿಂಡಿನ ಹೋತಕ್ಕೆ ಬೆದೆಯ ಕಾಲ. ತನ್ನ ಗಡ್ಡಕ್ಕೆ ತಾನೇ ಉಚ್ಚೆ ಹೊಯ್ದುಕೊಂಡು ಮೆರೆಯುತ್ತಿತ್ತು. ಅದರ ನಾತ ಕಿಟಕಿ ಹಾಯ್ದು ಕಡತಗಳಿಗೆ ಹತ್ತಿತ್ತು, ಸಾಹೇಬರ ಊಟದ ಡಬ್ಬಿಗೂ ಹತ್ತಿತ್ತು. ಹಾಲು ಕರೆಯಲು ಹೋದ ಗಾರ್ಡು ಒದೆ ತಿಂದು ಮೊಣಕಾಲು ಉಜ್ಜಿಕೊಳ್ಳುತ್ತಿದ್ದ.

“ಬಂದ್ಯಾ ತಾಯಿ. ದಂಡ ಗಿಂಡ ಏನೂ ಬೇಡ, ಹೊಡ್ಕೊಂಡು ಹೋಗು,” ಎಂದರು ಸಾಹೇಬರು.

ಮೊಂಡಕ್ಕ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಆಡಿನ ಹಾಲು ಕರೆದಳು. ಚೊಂಬು ತುಂಬಿತು. ಎದ್ದು ಹೊರಟಳು.

“ಏಯ್, ಆಡು?”

“ಮರಿಗೆ ಹಾಲು ಸಾಕು ಸಾಹೇಬ್ರೇ. ಇವು ಇಲ್ಲೇ ಇರ್ಲಿ. ಅಲ್ಲಿ ನೀರು ಬೇಲಿಯಾಚೆ. ಇಲ್ಲಾದ್ರೆ ನಲ್ಲಿ ಇದೆ. ಬೇಲಿ ಬಿಚ್ಚಿದ ದಿನ ಹೇಳಿ ಕಳ್ಸಿ, ಬರ್ತೀನಿ.”

“ಕಾನೂನು ಗೊತ್ತೇನಮ್ಮ ನಿಂಗೆ? ಆಡು ಬಿಟ್ರೆ ಗುಡ್ಡಾನೇ ತಿಂದು ಮುಗಿಸ್ತವೆ.”

ಅಷ್ಟರಲ್ಲಿ ಗಣಿಯ ಕಡೆ ಸಿಡಿಮದ್ದು ಹಾರಿತು. ಕಿಟಕಿಯ ಗಾಜು ಗಡಗಡ ಎಂದಿತು. ಮಾಡಿನಿಂದ ಮಣ್ಣು ಉದುರಿತು.

ಮೊಂಡಕ್ಕ ಕಿವಿಗೊಟ್ಟು ಕೇಳಿದಳು.

“ಇದು ಯಾರ ಮನೆ ಆಡು ಸಾಹೇಬ್ರೇ, ಇಷ್ಟು ಗಟ್ಟಿಯಾಗಿ ಅಗಿಯೋದು? ಅದನ್ನ ಯಾವಾಗ ಹಿಡ್ಕೊಂಡು ಬರ್ತೀರಿ?”

ಮೊಣಕಾಲು ಉಜ್ಜುತ್ತಿದ್ದ ಗಾರ್ಡಿಗೆ ನಗು ತಡೆಯಲಾಗಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದ.

ಗೇಟಿನ ಬಳಿ ಧೂಳೆದ್ದಿತು. ಮುಂದೆ ನಾದಿನಿ, ಹಿಂದೆ ಕೇರಿಯ ಹೆಂಗಸರು, ಗಂಡಸರು. ಎಲ್ಲರ ಮುಂದೆಯೂ ಅವರವರ ಆಡುಗಳು. ಮನೆಗೊಂದು ಹೋತ.

“ದೊಡ್ಡಿ ಬಾಗಿಲು ತೆಗಿಯಣ್ಣ,” ಎಂದಳು ನಾದಿನಿ ಗಾರ್ಡಿಗೆ. “ನಮ್ಮವೂ ಬೇಲಿ ಹಾರಿ ನೀರು ಕುಡಿದಿವೆ. ನಾವೇ ಹಿಡ್ಕೊಂಡು ಬಂದ್ವಿ, ನಿಮಗ್ಯಾಕೆ ತೊಂದರೆ ಅಂತ.”

ಗಾರ್ಡು ಸಾಹೇಬರ ಮುಖ ನೋಡಿದ. ಸಾಹೇಬರು ಕರ್ಚೀಫಿನೊಳಗಿಂದ ಏನೋ ಅಪ್ಪಣೆ ಕೊಟ್ಟರು. ಆಡುಗಳ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.